ಗೊಂಡರ್: ಬೀಗವಿಲ್ಲದ ಪುಸ್ತಕಗಳ ಊರು

ನೀಲ ನೈಲ್ ನದಿ ಹುಟ್ಟುವ ತಾನಾ ಸರೋವರದ ಉತ್ತರಕ್ಕೆ, ಬೆಟ್ಟಗಳ ಮಡಿಲಿನಲ್ಲಿ, ಗೊಂಡರ್ ಎಂಬ ಪಟ್ಟಣವಿದೆ. ಇಥಿಯೋಪಿಯಾದ ರಾಜಧಾನಿಯಾದ ಆಡಿಸ್ ಅಬಾಬಾದಿಂದ ರಸ್ತೆಯ ಮಾರ್ಗವಾಗಿ ಇದು 700 ಕಿಲೋಮೀಟರಿಗೂ ಮಿಕ್ಕಿದ ದೂರ. ಭೂಪಟದ ಮೇಲೆ ನಮ್ಮ ಮಂಡ್ಯ, ಮದ್ದೂರುಗಳಿಂದ ಪಶ್ಚಿಮಕ್ಕೆ ಒಂದು ಗೆರೆಯನ್ನೆಳೆದು, ಅರಬ್ಬೀ ಸಮುದ್ರವನ್ನು ದಾಟಿಸಿ, ಆಫ್ರಿಕಾದೊಳಕ್ಕೆ ಒಯ್ದರೆ ಅದು ಹೆಚ್ಚುಕಡಮೆ ಈ ಊರಿನ ಮೇಲೆಯೇ ಹಾದುಹೋಗುವುದು. ಅಕ್ಷಾಂಶ ನಮ್ಮದೇ ಆದರೂ ಎತ್ತರ ನಮ್ಮದಲ್ಲ. ಸಮುದ್ರಮಟ್ಟದಿಂದ 2,000 ಮೀಟರಿಗೂ ಮೇಲೆ ನೆಲೆಸಿರುವುದರಿಂದ ಇಲ್ಲಿನ ಹಗಲು ಹಿತಕರ, ರಾತ್ರಿ ಚಳಿ. ಬಿಳಿಯ ಹತ್ತಿಯ ಹೊದಿಕೆಯನ್ನು ಮೈತುಂಬ ಸುತ್ತಿಕೊಂಡು ಚರ್ಚಿನ ಕಡೆಗೆ ನಡೆಯುವ ಸ್ತ್ರೀಪುರುಷರು ಮುಂಜಾವಿನ ಬೀದಿಗಳ ನಿತ್ಯದೃಶ್ಯ.

ಹದಿನೇಳನೆಯ ಶತಮಾನದವರೆಗೆ ಇಥಿಯೋಪಿಯಾದ ಚಕ್ರವರ್ತಿಗಳಿಗೆ ಬಹುಕಾಲ ಸ್ಥಿರವಾದ ರಾಜಧಾನಿಯೆಂಬುದಿರಲಿಲ್ಲ. ಡೇರೆಗಳೇ ಅವರ ಅರಮನೆ. ದಂಡು ಹೋದಲ್ಲಿ ಆಸ್ಥಾನ. ಚಕ್ರವರ್ತಿ ಫಾಸಿಲಿಡಸ್ 1636ರ ಹೊತ್ತಿಗೆ ಇಲ್ಲಿ ನೆಲೆಯೂರಿ, ಕಲ್ಲಿನ ಕೋಟೆಯನ್ನೆಬ್ಬಿಸಿದನು. ಅವನ ಮಗ, ಮೊಮ್ಮಕ್ಕಳು ಒಬ್ಬೊಬ್ಬರೂ ಅದರ ಪಕ್ಕದಲ್ಲಿ ತಮ್ಮ ತಮ್ಮ ಅರಮನೆಗಳನ್ನು ಕಟ್ಟಿಸಿದರು. 900 ಮೀಟರು ಉದ್ದದ ಗೋಡೆಯೊಳಗೆ ಸೇರಿರುವ ಈ ಕೋಟೆಗಳ ಸಮೂಹಕ್ಕೆ ಫಾಸಿಲ್ ಗೆಬ್ಬಿ ಎಂದು ಹೆಸರು. 1979ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇವುಗಳ ವಾಸ್ತುವಿನಲ್ಲಿ ಭಾರತೀಯ ಮತ್ತು ಅರಬ್ಬೀ ಶೈಲಿಗಳ ಛಾಯೆಯುಂಟೆಂದು ಆ ಸಂಸ್ಥೆಯೇ ಹೇಳಿದೆ. ಮೂಲೆಗಳ ಗುಮ್ಮಟಗಳನ್ನು ನೋಡಿದಾಗ ಭಾರತದಿಂದ ಹೋದ ಪ್ರವಾಸಿಗೆ ಆ ಮಾತು ಅತಿಶಯವೆಂದು ತೋರದು.

ಈ ಆವರಣದೊಳಗೆ ಒಂದು ಸಣ್ಣ ಕಟ್ಟಡವುಂಟು. ಅದು ಫಾಸಿಲಿಡಸನ ಮಗನಾದ ಒಂದನೆಯ ಯೋಹಾನ್ನಸನ ಗ್ರಂಥಭಂಡಾರವೆಂದು ಮಾರ್ಗದರ್ಶಕರು ತೋರಿಸುತ್ತಾರೆ. ಈಗ ಅಲ್ಲಿ ಗ್ರಂಥಗಳಿಲ್ಲ. ಪ್ರವಾಸಿಗಳು ಅದರ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಊರಿನ ಅಂಚಿನಲ್ಲಿರುವ ದೆಬ್ರೆ ಬೆರ್ಹಾನ್ ಸೆಲಾಸ್ಸಿ ಚರ್ಚಿನ ಮಾಳಿಗೆಯಲ್ಲಿ ಸಾಲುಸಾಲಾಗಿ ಇಣಿಕುವ, ಕಣ್ಣರಳಿಸಿದ ದೇವದೂತರ ಮುಖಗಳನ್ನು ಕಾಣಲು ಅವಸರಪಡುತ್ತಾರೆ. ಆದರೆ ಗೊಂಡರಿನ ಕಥೆಯನ್ನು ಪೂರ್ತಿಯಾಗಿ ತಿಳಿಯಬೇಕೆನ್ನುವವನು ಆ ಬರಿದಾದ ಗ್ರಂಥಭಂಡಾರದ ಬಳಿಯಲ್ಲಿಯೇ ಸ್ವಲ್ಪ ತಡೆಯಬೇಕು. ಪುಸ್ತಕವನ್ನು ಕಳೆದುಕೊಂಡ ಊರು ಇದು. ಬಹುಕಾಲದ ಮೇಲೆ, ಬೇರೊಂದು ಬಗೆಯ ಪುಸ್ತಕವನ್ನು ತಾನೇ ಬರೆದು ಊರೂರಿಗೆ ಹಂಚಿದವರ ಸಾಲಿನಲ್ಲಿ ನಿಂತ ಊರೂ ಇದೇ.

ಆನೆಗಳ ಮೇಲೆ ಹೋದ ಗ್ರಂಥಗಳು

ಗೊಂಡರಿನ ಚರ್ಚುಗಳಲ್ಲಿ ಹಿಂದೆ ಗ್ರಂಥಗಳಿಗೆ ಕೊರತೆಯಿರಲಿಲ್ಲ. ಹದಮಾಡಿದ ಚರ್ಮದ ಹಾಳೆಗಳ ಮೇಲೆ, ಪ್ರಾಚೀನ ಗೀಜ್ ಭಾಷೆಯಲ್ಲಿ, ಲಿಪಿಕಾರರು ತಿಂಗಳುಗಟ್ಟಲೆ ಕುಳಿತು ಬರೆದ ಪ್ರತಿಗಳವು. ನಮ್ಮ ಮಠಗಳ ತಾಳೆಯೋಲೆಯ ಕಟ್ಟುಗಳಂತೆ ಅವೂ ಪೂಜೆಗೆ ಪಾತ್ರವಾಗಿದ್ದವು. ಅವುಗಳಂತೆಯೇ ಒಂದೊಂದೂ ಒಂಟಿಯಾಗಿದ್ದಿತು. 1860ರ ದಶಕದಲ್ಲಿ ಚಕ್ರವರ್ತಿ ಎರಡನೆಯ ತೆವೊದ್ರೋಸ್ ಈ ಊರನ್ನು ಸೂರೆಮಾಡಿ, ಚರ್ಚುಗಳ ಗ್ರಂಥಗಳನ್ನು ತನ್ನ ಮಕ್ದಲಾ ಗಿರಿದುರ್ಗಕ್ಕೆ ಸಾಗಿಸಿದನು. ಅವನು ಸೆರೆಯಲ್ಲಿಟ್ಟಿದ್ದ ಯೂರೋಪಿಯನ್ನರನ್ನು ಬಿಡಿಸಲೆಂದು 1868ರಲ್ಲಿ ಬ್ರಿಟಿಷರ ದಂಡು ಬಂದಿತು. ಆ ದಂಡು ಹೊರಟದ್ದು ನಮ್ಮ ಮುಂಬಯಿಯಿಂದ. ಅದರ ನಾಯಕ ಸರ್ ರಾಬರ್ಟ್ ನೇಪಿಯರ್. ಸೈನಿಕರಲ್ಲಿ ಬಹುಮಂದಿ ಭಾರತೀಯರು. ಫಿರಂಗಿಗಳನ್ನು ಹೊರಲು ಇಲ್ಲಿಂದಲೇ 44 ಆನೆಗಳು ಹಡಗನ್ನೇರಿದ್ದವು. ಕೋಟೆ ಬಿದ್ದಿತು, ತೆವೊದ್ರೋಸ್ ತನ್ನ ಕೈಯಿಂದಲೇ ಪ್ರಾಣ ಕಳೆದುಕೊಂಡನು. ಅಲ್ಲಿ ದೊರೆತ ಸೊತ್ತನ್ನು ಒಯ್ಯಲು 15 ಆನೆಗಳೂ ಸುಮಾರು 200 ಹೇಸರಗತ್ತೆಗಳೂ ಬೇಕಾದವೆಂದು ಚರಿತ್ರಕಾರರು ಬರೆದಿದ್ದಾರೆ. ಅದರಲ್ಲಿ 300ಕ್ಕೂ ಹೆಚ್ಚು ಗ್ರಂಥಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಒಂಟಿ ಪ್ರತಿಯ ಗತಿಯೇ ಹಾಗೆ. ಒಬ್ಬರ ಕೈಸೇರಿದರೆ ಮತ್ತೊಬ್ಬರ ಕೈ ಬರಿದಾಗುವುದು. ವಿದ್ಯೆಯು ಕೊಟ್ಟಷ್ಟೂ ಬೆಳೆಯುವುದೆಂಬ ಮಾತು ನಮ್ಮವರಿಗೆ ಹಳೆಯದು. ಆದರೆ ಆ ಮಾತು ವಿದ್ಯೆಗೆ ಸಲ್ಲುವುದೇ ಹೊರತು, ವಿದ್ಯೆಯನ್ನು ಹೊತ್ತ ಚರ್ಮದ ಹಾಳೆಗೆ ಸಲ್ಲದೆಂಬುದನ್ನು ಗೊಂಡರ್ ಕಷ್ಟದಿಂದ ಕಲಿಯಿತು.

ಜ್ವರದ ಬಯಲು

ಪಟ್ಟಣದಿಂದ ದಕ್ಷಿಣಕ್ಕಿಳಿದರೆ ಸರೋವರದವರೆಗೂ ಹರಡಿಕೊಂಡ ಡೆಂಬಿಯಾ ಬಯಲು ಕಾಣುವುದು. ಟೆಫ್ ಎಂಬ ಸಣ್ಣ ಧಾನ್ಯ ಬೆಳೆಯುವ, ಕಣ್ಣಿಗೆ ತಂಪಾದ ಹೊಲಗಳವು. ರಾಗಿಗಿಂತಲೂ ಸಣ್ಣದಾದ ಈ ಕಾಳಿನ ಹಿಟ್ಟನ್ನು ಹುಳಿಬರಿಸಿ, ದೋಸೆಯಂತೆ ಹುಯ್ದು ಮಾಡುವ ಇಂಜೆರಾ ಆ ನಾಡಿನ ನಿತ್ಯದ ಆಹಾರ. ಮಳೆಗಾಲ ಕಳೆದು ಸೆಪ್ಟೆಂಬರ್ ಬಂದಿತೆಂದರೆ ಬಯಲಿನ ನಿಂತ ನೀರಿನಲ್ಲಿ ಸೊಳ್ಳೆಗಳು ಹೆಚ್ಚುತ್ತವೆ. 1953ರಲ್ಲಿ ಈ ಬಯಲಿನಲ್ಲಿ ಮಲೇರಿಯಾ ಹಬ್ಬಿ ಸಾವಿರಾರು ಜನ ಸತ್ತರು.

ಅದರ ಮರುವರ್ಷ, 1954ರಲ್ಲಿ, ಗೊಂಡರಿನಲ್ಲಿ ಸಾರ್ವಜನಿಕ ಆರೋಗ್ಯದ ಕಾಲೇಜೊಂದು ತೆರೆಯಿತು. ಇಥಿಯೋಪಿಯಾದ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ಅಮೆರಿಕ ಸರ್ಕಾರದ ನೆರವಿನ ಯೋಜನೆ ಕೂಡಿ ನಡೆಸಿದ ಸಾಹಸವದು. ಇಡೀ ದೇಶದಲ್ಲಿ ವೈದ್ಯರನ್ನು ತಯಾರಿಸುವ ಕಾಲೇಜು ಇನ್ನೂ ಇರಲಿಲ್ಲ. ಪೂರ್ಣ ವೈದ್ಯರಿಗಾಗಿ ಕಾಯುತ್ತ ಕುಳಿತರೆ ತಲೆಮಾರುಗಳೇ ಕಳೆದಾವೆಂದು ತಿಳಿದವರು ಬೇರೊಂದು ದಾರಿಯನ್ನು ಹಿಡಿದರು. ಆರೋಗ್ಯಾಧಿಕಾರಿ, ಸಮುದಾಯದ ದಾದಿ, ನೈರ್ಮಲ್ಯ ಪರಿವೀಕ್ಷಕ ಈ ಮೂವರನ್ನು ಒಂದೇ ಕಡೆ ಕಲಿಸಿ, ಒಂದು ತಂಡವಾಗಿ ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಕಳುಹಿಸುವುದು ಅವರ ಯೋಜನೆಯಾಗಿದ್ದಿತು. ಆ ಕಾಲೇಜೇ ಮುಂದೆ ಬೆಳೆದು, 2004ರಲ್ಲಿ ಗೊಂಡರ್ ವಿಶ್ವವಿದ್ಯಾನಿಲಯವಾಯಿತು. ಬೇರೆಬೇರೆ ತರಗತಿಗಳ ವಿದ್ಯಾರ್ಥಿಗಳು ಕೂಡಿ ಒಂದು ಊರಿನಲ್ಲಿ ಬೀಡುಬಿಟ್ಟು, ಅಲ್ಲಿನ ರೋಗರುಜಿನಗಳನ್ನು ಲೆಕ್ಕಹಾಕಿ ಕೆಲಸಮಾಡುವ ಪದ್ಧತಿ ಅಲ್ಲಿನ ಹೆಮ್ಮೆಯ ಪರಂಪರೆ.

ಕಾಲೇಜು ಇನ್ನೂ ಎಳೆಯದಾಗಿದ್ದಾಗಲೇ ಘೋರವಾದ ಪರೀಕ್ಷೆ ಬಂದಿತು. 1958ರಲ್ಲಿ ಅಕಾಲದ ಮಳೆಯೂ ಸೆಕೆಯೂ ಕೂಡಿ, 1,600ರಿಂದ 2,150 ಮೀಟರು ಎತ್ತರದ ಪ್ರದೇಶಗಳಿಗೂ ಮಲೇರಿಯಾ ಏರಿತು. ಜೂನಿನಿಂದ ಡಿಸೆಂಬರಿನವರೆಗೆ ಸುಮಾರು 30 ಲಕ್ಷ ಜನ ಮಲಗಿದರು. ಸುಮಾರು ಒಂದೂವರೆ ಲಕ್ಷ ಜನ ಮಡಿದರು. ತಗ್ಗಿನ ಜನರಿಗೆ ಮೇಲಿಂದ ಮೇಲೆ ಜ್ವರ ಬಂದು ಸ್ವಲ್ಪಮಟ್ಟಿಗಾದರೂ ತಡೆಯುವ ಶಕ್ತಿ ಮೈಗೂಡಿರುತ್ತದೆ. ಬೆಟ್ಟದವರಿಗೆ ಆ ಶಕ್ತಿಯಿಲ್ಲ. ಅದರಿಂದ ಮಕ್ಕಳು ಮಾತ್ರವಲ್ಲದೆ, ನೇಗಿಲು ಹಿಡಿಯುವ ಪ್ರಾಯದವರೂ ಸಾಲುಸಾಲಾಗಿ ಬಿದ್ದರು.

ಹದಿಮೂರು ತಿಂಗಳ ಪಂಚಾಂಗ

ಇಂಥ ನಾಡಿನಲ್ಲಿ ಆರೋಗ್ಯಶಾಸ್ತ್ರವನ್ನು ಕಲಿಸುವ ಅಧ್ಯಾಪಕನ ಮುಖ್ಯ ಕಷ್ಟವೆಂದರೆ ಪುಸ್ತಕದ್ದು. ಹೊರದೇಶದ ವೈದ್ಯಗ್ರಂಥಗಳ ಬೆಲೆ ಕೈಗೆಟುಕದು. ಗ್ರಂಥಭಂಡಾರದಲ್ಲಿ ಒಂದು ಪ್ರತಿಯಿದ್ದರೆ ಓದುವವರು ಹಲವರು. ವಿದ್ಯಾರ್ಥಿಗಳು ಕರಿಹಲಗೆಯನ್ನು ನೋಡಿ ಬರೆದುಕೊಂಡ ಟಿಪ್ಪಣಿಯೇ ಅನೇಕ ವೇಳೆ ಅವರ ಪಾಠಪುಸ್ತಕ. ಹಣ ಕೂಡಿಸಿ ಪುಸ್ತಕಗಳನ್ನು ತರಿಸಿದರೂ ಕಷ್ಟ ಅಲ್ಲಿಗೇ ತೀರಲಿಲ್ಲ. ಬೇರೆ ನಾಡಿನಲ್ಲಿ ಬರೆದ ಪುಸ್ತಕಕ್ಕೆ ಈ ನಾಡಿನ ಪರಿಚಯವಿರುವುದಿಲ್ಲ.

ಒಂದು ಉದಾಹರಣೆಯನ್ನು ನೋಡಬಹುದು. ಗರ್ಭಿಣಿಗೆ ಹೆರಿಗೆಯಾಗುವ ದಿನವನ್ನು ಗೊತ್ತುಮಾಡಲು ಯೂರೋಪಿನ ಗ್ರಂಥಗಳು ಒಂದು ಸುಲಭ ಸೂತ್ರವನ್ನು ಕಲಿಸುತ್ತವೆ: ಕೊನೆಯ ಮುಟ್ಟಿನ ಮೊದಲನೆಯ ದಿನಕ್ಕೆ ಒಂಬತ್ತು ತಿಂಗಳು, ಏಳು ದಿನಗಳನ್ನು ಕೂಡಿಸಬೇಕು. ಇಥಿಯೋಪಿಯಾದ ಹಳ್ಳಿಯ ಹೆಂಗಸಿಗೆ ಆ ಪಂಚಾಂಗವೇ ಗೊತ್ತಿಲ್ಲ. ಅವಳ ವರ್ಷಕ್ಕೆ ಹದಿಮೂರು ತಿಂಗಳು. ಹನ್ನೆರಡು ತಿಂಗಳಿಗೆ ತಲಾ 30 ದಿನ. ಕೊನೆಯದಾದ ಪಾಗುಮೆ ಎಂಬ ಪುಟ್ಟ ತಿಂಗಳಿಗೆ 5 ದಿನ, ನಾಲ್ಕು ವರ್ಷಕ್ಕೊಮ್ಮೆ 6 ದಿನ. ಅವರ ವರ್ಷದ ಎಣಿಕೆಯೂ ನಮ್ಮ ಬಳಕೆಯ ಇಸವಿಗಿಂತ ಏಳೆಂಟು ವರ್ಷ ಹಿಂದೆ. ಆದುದರಿಂದ ಅಲ್ಲಿನ ದಾದಿ ಒಂಬತ್ತು ತಿಂಗಳಿಗೆ 10 ದಿನ ಸೇರಿಸಬೇಕು. ನಡುವೆ ಪಾಗುಮೆ ಹಾದುಹೋದರೆ 5 ದಿನ ಮಾತ್ರ, ಅಧಿಕ ವರ್ಷವಾದರೆ 4 ದಿನ. ಎರಡು ದಾರಿಯಿಂದಲೂ ಬರುವ ಮೊತ್ತ 280 ದಿನವೇ. ಆದರೆ ಸೂತ್ರವನ್ನು ಹಾಗೆಯೇ ಬಾಯಿಪಾಠ ಮಾಡಿ ಬಂದವಳ ಲೆಕ್ಕ ಮಾತ್ರ ತಪ್ಪುವುದು.

ಗಡಿಯಾರದ ಸ್ಥಿತಿಯೂ ಹೀಗೆಯೇ. ಅಲ್ಲಿ ಹಗಲು ಸೂರ್ಯೋದಯದಿಂದ ಮೊದಲಾಗುತ್ತದೆ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. "ಎಂಟು ಗಂಟೆಗೆ ಗುಳಿಗೆ ನುಂಗು" ಎಂದು ಪುಸ್ತಕದ ಮಾತನ್ನೇ ಹೇಳಿದರೆ ರೋಗಿಯು ಅದನ್ನು ಮಧ್ಯಾಹ್ನ ಎರಡಕ್ಕೆ ನುಂಗಿಯಾನು. ಆಹಾರದ ಪಾಠವೂ ಬದಲಾಗಬೇಕು. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ 180ಕ್ಕೂ ಹೆಚ್ಚು ದಿನ ಹಾಲು, ಮೊಟ್ಟೆ, ಮಾಂಸಗಳನ್ನು ಬಿಟ್ಟು ಉಪವಾಸವಿರಬಹುದು. ಬಸುರಿಯರಿಗೆ ವಿನಾಯಿತಿಯುಂಟಾದರೂ ಹಲವರು ವ್ರತವನ್ನು ಬಿಡರು. ಅವರಿಗೆ ಮೊಟ್ಟೆ ತಿನ್ನಿರೆಂದು ಉಪದೇಶಿಸುವುದಕ್ಕಿಂತ, ಕಡಲೆಹಿಟ್ಟಿನ ಶಿರೊ, ಬೇಳೆಯ ಸಾರು, ಸೊಪ್ಪುಗಳಿಂದ ಕೊರತೆಯನ್ನು ತುಂಬಿಕೊಳ್ಳುವ ಬಗೆಯನ್ನು ತಿಳಿಸುವುದು ಲೇಸು. ರೋಗಗಳೂ ಅಷ್ಟೇ. ಆಫ್ರಿಕಾದ ಬಹುಭಾಗದಲ್ಲಿ ಅಪರೂಪವಾದ ವೈವಾಕ್ಸ್ ಬಗೆಯ ಮಲೇರಿಯಾ ಇಥಿಯೋಪಿಯಾದಲ್ಲಿ ಗಣನೀಯವಾಗಿದೆ. ಚಳಿಯ ಬೆಟ್ಟಗಳಲ್ಲಿ ದಪ್ಪ ಹೊದಿಕೆಗಳೊಳಗೆ ಸೇರುವ ಹೇನಿನಿಂದ ಮರುಕಳಿಸುವ ಜ್ವರವೊಂದು ಹರಡುತ್ತದೆ. ಪಶ್ಚಿಮದ ವೈದ್ಯಗ್ರಂಥಗಳಲ್ಲಿ ಅದಕ್ಕೆ ದೊರೆಯುವ ಸ್ಥಳ ಅತ್ಯಲ್ಪ.

ಅಧ್ಯಾಪಕರೇ ಗ್ರಂಥಕರ್ತರು

ಈ ಕೊರತೆಯನ್ನು ತುಂಬುವ ಮೊದಲನೆಯ ದೊಡ್ಡ ಪ್ರಯತ್ನ 1997ರಲ್ಲಿ ಆರಂಭವಾಯಿತು. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರರು ಅಟ್ಲಾಂಟಾದಲ್ಲಿ ಸ್ಥಾಪಿಸಿದ ಕಾರ್ಟರ್ ಕೇಂದ್ರವು ಇಥಿಯೋಪಿಯಾದ ಸರ್ಕಾರದೊಡನೆ ಕೂಡಿ ಸಾರ್ವಜನಿಕ ಆರೋಗ್ಯ ತರಬೇತಿಯ ಯೋಜನೆಯೊಂದನ್ನು ಕೈಗೊಂಡಿತು. ಗೊಂಡರ್, ಜಿಮ್ಮಾ, ಹರಮಾಯಾ, ಹವಾಸ್ಸಾ, ಮೆಕೆಲೆ, ಆಡಿಸ್ ಅಬಾಬಾ ಮೊದಲಾದ ವಿದ್ಯಾಕೇಂದ್ರಗಳ ಅಧ್ಯಾಪಕರೇ ಕುಳಿತು ತಮ್ಮ ವಿದ್ಯಾರ್ಥಿಗಳಿಗಾಗಿ ಬರೆದರು. ಹೊರಗಿನವರು ಹಣವನ್ನೂ ಬರವಣಿಗೆಯ ಶಿಕ್ಷಣವನ್ನೂ ಒದಗಿಸಿದರು. ಒಳಗಿನವರು ಅನುಭವವನ್ನು ಒದಗಿಸಿದರು. 2010ರಲ್ಲಿ ಯೋಜನೆ ಮುಗಿಯುವ ವೇಳೆಗೆ 200ಕ್ಕೂ ಹೆಚ್ಚು ಪಾಠಪುಸ್ತಕಗಳೂ ಕೈಪಿಡಿಗಳೂ ಸಿದ್ಧವಾಗಿದ್ದವು. ಕಕ್ಕಸನ್ನು ಕಟ್ಟುವ ಕ್ರಮ, ಬಾವಿಯ ನೀರಿನ ರಕ್ಷಣೆ, ಆಹಾರದ ಶುಚಿತ್ವ, ಕಣ್ಣನ್ನು ಕುರುಡಾಗಿಸುವ ಟ್ರಕೋಮಾ, ಕ್ಷಯ, ಮಲೇರಿಯಾ ಹೀಗೆ ಬದುಕಿಗೆ ಹತ್ತಿರವಾದ ವಿಷಯಗಳೇ ಅವುಗಳಲ್ಲಿ ತುಂಬಿದ್ದವು.

ರೋಗಗಳನ್ನು ಕುರಿತ ಪುಸ್ತಕಗಳನ್ನು ಹೊಂದಿಸಿದ ರೀತಿಯಲ್ಲಿ 1954ರ ಕಾಲೇಜಿನ ತಂಡದ ತತ್ತ್ವವೇ ಮತ್ತೆ ಕಾಣುತ್ತದೆ. ಪ್ರತಿಯೊಂದು ರೋಗಕ್ಕೂ ಎಲ್ಲರಿಗೆ ಸಾಮಾನ್ಯವಾದ ಒಂದು ಮೂಲಪಾಠವುಂಟು. ಅದರ ಸುತ್ತ ಆರೋಗ್ಯಾಧಿಕಾರಿಗೊಂದು, ದಾದಿಗೊಂದು, ಪ್ರಯೋಗಾಲಯದವನಿಗೊಂದು, ನೈರ್ಮಲ್ಯದವನಿಗೊಂದು ಉಪಪಾಠ. ಕೊನೆಗೆ ರೋಗಿಯನ್ನು ನೋಡಿಕೊಳ್ಳುವ ಮನೆಯವರಿಗೆ ಹೇಳಬೇಕಾದ ನಾಲ್ಕು ಮಾತು. ಒಬ್ಬನು ತನ್ನ ಕೆಲಸವನ್ನು ಕಲಿಯುವುದರೊಡನೆ ಪಕ್ಕದವನ ಕೆಲಸವೇನೆಂಬುದನ್ನೂ ಅರಿಯಲೆಂಬುದೇ ಇದರ ಉದ್ದೇಶ.

ಪುಸ್ತಕಗಳ ಮೊದಲ ಪುಟಗಳಲ್ಲಿ ಒಂದು ಅನುಮತಿ ಅಚ್ಚಾಗಿದೆ. ವಿದ್ಯಾರ್ಥಿಗಳು, ಅಧ್ಯಾಪಕರು, ಆರೋಗ್ಯದ ಕೆಲಸಗಾರರು ಲಾಭದ ಉದ್ದೇಶವಿಲ್ಲದೆ ಎಷ್ಟು ಪ್ರತಿಗಳನ್ನಾದರೂ ತೆಗೆದುಕೊಳ್ಳಬಹುದು, ಬರೆದವರ ಹೆಸರನ್ನು ಅಳಿಸಬಾರದು, ಮಾರಬಾರದು. "ಎಲ್ಲ ಹಕ್ಕುಗಳನ್ನೂ ಕಾದಿರಿಸಿದೆ" ಎಂಬ ಸಾಲನ್ನೇ ಪುಸ್ತಕದ ಬೆನ್ನಿನಲ್ಲಿ ಕಂಡು ಬೆಳೆದ ಓದುಗರಿಗೆ ಇದು ದೊಡ್ಡ ಔದಾರ್ಯವೆಂದೇ ತೋರುವುದು. ಆದರೂ ಅದರಲ್ಲೊಂದು ಕೊರತೆಯಿದ್ದಿತು. ಪ್ರತಿ ತೆಗೆಯಲು ಅನುಮತಿಯಿದ್ದಿತೇ ಹೊರತು, ತಿದ್ದಲು ಇರಲಿಲ್ಲ.

ತಿದ್ದುವುದೇಕೆ ಎಂದು ಕೇಳಬಹುದು. ಇಥಿಯೋಪಿಯಾ 2004ರಲ್ಲಿ ಮಲೇರಿಯಾದ ಮುಖ್ಯ ಔಷಧವನ್ನೇ ಬದಲಿಸಿತು. ಹಳೆಯ ಗುಳಿಗೆಗೆ ರೋಗಾಣುಗಳು ಬಗ್ಗದೆ ಹೋದುದರಿಂದ ಹೊಸ ಸಂಯುಕ್ತ ಔಷಧ ಬಂದಿತು. ಅದಕ್ಕೆ ಮುಂಚೆ ಬರೆದ ಪುಸ್ತಕ ಎಷ್ಟೇ ಉತ್ತಮವಾಗಿರಲಿ, ಆ ಪುಟದ ಮಟ್ಟಿಗೆ ಅಪಾಯಕಾರಿ. ಅದನ್ನು ಪುಕ್ಕಟೆಯಾಗಿ ಸಾವಿರ ಪ್ರತಿ ಹಂಚಿದರೆ ತಪ್ಪೂ ಸಾವಿರಪಟ್ಟು ಹಂಚಿದಂತಾಗುವುದು. ಆರೋಗ್ಯದ ಪುಸ್ತಕಕ್ಕೆ ಹಂಚುವ ಕೈಯೂ ಬೇಕು, ತಿದ್ದುವ ಕೈಯೂ ಬೇಕು.

ಹಳ್ಳಿಯ ಹೆಣ್ಣುಮಕ್ಕಳ ಹದಿಮೂರು ಪುಸ್ತಕ

ಇಷ್ಟರಲ್ಲಿ ಇಥಿಯೋಪಿಯಾದ ಹಳ್ಳಿಗಳಲ್ಲಿ ಮತ್ತೊಂದು ದೊಡ್ಡ ಪ್ರಯೋಗ ಮೊದಲಾಗಿತ್ತು. 2003ರಲ್ಲಿ ಆರಂಭವಾದ ಆರೋಗ್ಯ ವಿಸ್ತರಣಾ ಕಾರ್ಯಕ್ರಮದಲ್ಲಿ, ಹತ್ತನೆಯ ತರಗತಿ ಮುಗಿಸಿದ ಯುವತಿಯರನ್ನು ಅವರವರ ಊರುಗಳಿಂದಲೇ ಆರಿಸಿ, ಒಂದು ವರ್ಷದ ಶಿಕ್ಷಣ ಕೊಟ್ಟು, ಅದೇ ಊರಿಗೆ ನೇಮಿಸಿದರು. ಸುಮಾರು 5,000 ಜನರಿರುವ ಒಂದೊಂದು ಕೆಬೆಲೆಗೆ, ಎಂದರೆ ಅಲ್ಲಿನ ಗ್ರಾಮಘಟಕಕ್ಕೆ, ಇಬ್ಬರು. ಕೆಲವೇ ವರ್ಷಗಳಲ್ಲಿ ಇವರ ಸಂಖ್ಯೆ 30,000ವನ್ನು ಮೀರಿತು. ನಮ್ಮಲ್ಲಿ 2005ರ ಯೋಜನೆಯಿಂದ ಬಂದ ಆಶಾ ಕಾರ್ಯಕರ್ತೆಯರನ್ನು ಬಲ್ಲವರಿಗೆ ಇವರ ಕೆಲಸ ಸುಲಭವಾಗಿ ಅರ್ಥವಾಗುವುದು. ವ್ಯತ್ಯಾಸವೆಂದರೆ ಅಲ್ಲಿನವರು ತಿಂಗಳ ಸಂಬಳ ಪಡೆಯುವ ಸರ್ಕಾರಿ ನೌಕರರು.

ಇವರ ಕಾರ್ಯಸ್ಥಾನವಾದ ಆರೋಗ್ಯ ಠಾಣೆಯೆಂದರೆ ಸಾಮಾನ್ಯವಾಗಿ ತಗಡು ಹೊದಿಸಿದ ಒಂದೆರಡು ಕೋಣೆ. ಗೋಡೆಯ ಮೇಲೆ ಊರಿನ ನಕ್ಷೆ, ಲಸಿಕೆಯ ಲೆಕ್ಕ. ದಿನದ ಬಹುಭಾಗ ಮನೆಮನೆಗೆ ತಿರುಗುವುದರಲ್ಲಿಯೇ ಕಳೆಯುವುದು. ನೆರೆಯ ಹೆಂಗಸರು ಕೂಡಿ ಕಾಫಿಬೀಜವನ್ನು ಹುರಿದು, ಕುಟ್ಟಿ, ಮೂರು ಸಲ ಕಾಸಿ ಕುಡಿಯುವ ಕೂಟವೇ ಎಷ್ಟೋ ವೇಳೆ ಪಾಠಶಾಲೆ. ಆದರೆ ಹೊಣೆ ಹಗುರವಾದುದಲ್ಲ. 2010ರಲ್ಲಿ ಸರ್ಕಾರ ಮಕ್ಕಳ ಪುಪ್ಪುಸಜ್ವರಕ್ಕೂ ಇವರೇ ಔಷಧ ಕೊಡಬಹುದೆಂದು ತೀರ್ಮಾನಿಸಿತು. ಉಸಿರನ್ನು ಒಂದು ನಿಮಿಷ ತುಂಬ ಎಣಿಸಬೇಕು. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಶಿಶುವಿಗೆ 50 ಅಥವಾ ಅದಕ್ಕಿಂತ ಹೆಚ್ಚು, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರು ಬಂದರೆ ಅಪಾಯದ ಸೂಚನೆ. ಎಣಿಕೆ ಸಣ್ಣದು, ಅದನ್ನು ಸರಿಯಾಗಿ ಕಲಿತಿರುವುದರ ಮೇಲೆ ಒಂದು ಮಗುವಿನ ಪ್ರಾಣ ನಿಂತಿರುವುದು.

ಮೊದಲ ವರ್ಷದ ಶಿಕ್ಷಣ ಈ ಹೊಣೆಗೆ ಸಾಲದೆಂದು ಅರಿತ ಆರೋಗ್ಯ ಸಚಿವಾಲಯವು ಅವರನ್ನು ಮೇಲಿನ ದರ್ಜೆಗೆ ಏರಿಸಲು ನಿಶ್ಚಯಿಸಿತು. ಮೂವತ್ತು ಸಾವಿರ ಮಂದಿಯನ್ನು ಊರು ಬಿಡಿಸಿ ಕಾಲೇಜಿಗೆ ಕರೆತಂದರೆ ಊರುಗಳ ಗತಿಯೇನು? ಪಾಠವೇ ಅವರಿದ್ದಲ್ಲಿಗೆ ಹೋಗಬೇಕಾಯಿತು. 2010-11ರಲ್ಲಿ ಸಚಿವಾಲಯ, ಯುನಿಸೆಫ್, ಆಫ್ರಿಕಾದ ಆಮ್ರೆಫ್ ಸಂಸ್ಥೆ ಮತ್ತು ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ ಇವು ಕೂಡಿ ಹದಿಮೂರು ಪುಸ್ತಕಗಳನ್ನು ಸಿದ್ಧಪಡಿಸಿದವು. ಬರೆದವರು ಇಥಿಯೋಪಿಯಾದ ತಜ್ಞರು. ದೂರಶಿಕ್ಷಣದ ಪಾಠವನ್ನು ಬರೆಯುವ ಕಲೆಯನ್ನು ಹೇಳಿಕೊಟ್ಟು, ತಿದ್ದಿ, ಒಪ್ಪವಿಟ್ಟವರು ಬ್ರಿಟನ್ನಿನವರು. ಬಸುರಿಯ ಆರೈಕೆ, ಹೆರಿಗೆ, ಬಾಣಂತನ, ಶಿಶುರೋಗ, ಲಸಿಕೆ, ಪೋಷಣೆ, ಕುಟುಂಬಯೋಜನೆ, ಸಾಂಕ್ರಾಮಿಕ ರೋಗ, ನೈರ್ಮಲ್ಯ ಮೊದಲಾದವು ಅವುಗಳ ವಿಷಯ. ಪಾಠದ ನಡುನಡುವೆ ಪ್ರಶ್ನೆಗಳು ಬರುತ್ತವೆ. ಓದುವವಳು ಉತ್ತರವನ್ನು ಯೋಚಿಸಿ ಮುಂದೆ ಸಾಗಬೇಕು. ಕೈಕೆಲಸದ ಭಾಗವನ್ನು ಮಾತ್ರ ಬೋಧಕರ ಎದುರಿನಲ್ಲಿ ಕಲಿಯಬೇಕು.

ಹದಿಮೂರು ಪುಸ್ತಕಗಳೂ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯೊಡನೆ ಪ್ರಕಟವಾದವು. ಬರೆದವರ ಹೆಸರನ್ನು ಹೇಳಿ ಯಾರು ಬೇಕಾದರೂ ಪ್ರತಿ ತೆಗೆಯಬಹುದು, ಅನುವಾದಿಸಬಹುದು, ತಮ್ಮ ನಾಡಿಗೆ ಹೊಂದುವಂತೆ ಬದಲಿಸಬಹುದು. ಇಂಥ ಸಾಮಗ್ರಿಗೆ ಮುಕ್ತ ಶೈಕ್ಷಣಿಕ ಸಂಪನ್ಮೂಲವೆಂಬ ಹೆಸರು ಯುನೆಸ್ಕೋ 2002ರಲ್ಲಿ ಕರೆದ ಸಭೆಯೊಂದರಲ್ಲಿ ಹುಟ್ಟಿತು. 1868ರಲ್ಲಿ ಗೊಂಡರಿನ ಗ್ರಂಥಗಳು ಬ್ರಿಟನ್ನಿಗೆ ಹೋಗಿ ಇಲ್ಲಿ ಇಲ್ಲವಾದವು; 2011ರಲ್ಲಿ ಬ್ರಿಟನ್ನಿನವರೂ ಇಥಿಯೋಪಿಯಾದವರೂ ಕೂಡಿ ಮಾಡಿದ ಗ್ರಂಥಗಳು ಎರಡು ಕಡೆಯೂ ಉಳಿದವು. ಇದರಿಂದ ಹಳೆಯ ಸಾಲ ತೀರಿತೆಂದು ಯಾರೂ ಹೇಳಲಾರರು. ಆದರೆ ಕೊಂಡೊಯ್ದರೂ ಕಳೆದುಹೋಗದ ಪುಸ್ತಕವೊಂದು ಕೊನೆಗೂ ದೊರೆಯಿತು.

ಖಂಡದ ಇನ್ನೊಂದು ಅಂಚಿನಲ್ಲಿ

ತಮ್ಮ ಪಾಠವನ್ನು ತಾವೇ ಬರೆಯುವ ಹಂಬಲ ಇಥಿಯೋಪಿಯಾದವರಿಗೆ ಮಾತ್ರ ಬಂದುದಲ್ಲ. ಆಫ್ರಿಕಾದ ಪಶ್ಚಿಮ ಕರಾವಳಿಯ ಘಾನಾ ದೇಶದಲ್ಲಿ ಕುಮಾಸಿ ಎಂಬ ನಗರವಿದೆ. ಅಲ್ಲಿನ ಕ್ವಾಮೆ ಎನ್ಕ್ರುಮಾ ವಿಶ್ವವಿದ್ಯಾನಿಲಯದ ವೈದ್ಯಕೀಯ ಅಧ್ಯಾಪಕರು ಬುರುಲಿ ಹುಣ್ಣನ್ನು ಕುರಿತು ಚಿತ್ರಸಹಿತವಾದ ಪಾಠವೊಂದನ್ನು ತಯಾರಿಸಿ ಲೋಕಕ್ಕೆಲ್ಲ ಬಿಟ್ಟುಕೊಟ್ಟರು. ನೋವಿಲ್ಲದ ಗಂಟಾಗಿ ಮೊದಲಾಗಿ, ಚರ್ಮವನ್ನೇ ತಿಂದುಹಾಕುವ ಈ ರೋಗ ಮುಖ್ಯವಾಗಿ ಪಶ್ಚಿಮ ಆಫ್ರಿಕಾದ ಹಳ್ಳಿಗಳನ್ನು ಕಾಡುತ್ತದೆ. ಯೂರೋಪಿನ ವೈದ್ಯನು ಇಡೀ ಜೀವಮಾನದಲ್ಲಿ ಅದನ್ನು ಒಮ್ಮೆಯೂ ನೋಡಲಿಕ್ಕಿಲ್ಲ. ಅವನು ಬರೆದ ಪುಸ್ತಕದಿಂದ ಕುಮಾಸಿಯ ವಿದ್ಯಾರ್ಥಿ ಅದನ್ನು ಕಲಿಯುವುದು ಹೇಗೆ? 2008-09ರಲ್ಲಿ ಘಾನಾ, ದಕ್ಷಿಣ ಆಫ್ರಿಕಾಗಳ ನಾಲ್ಕು ವಿಶ್ವವಿದ್ಯಾನಿಲಯಗಳು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯ ಮತ್ತು ಆಫ್ರಿಕಾದ ಮುಕ್ತ ಶಿಕ್ಷಣ ಸಂಸ್ಥೆಯೊಂದು ಸೇರಿ ಆರೋಗ್ಯಶಿಕ್ಷಣದ ಇಂಥ ಪಾಠಗಳ ಕೂಟವನ್ನು ಕಟ್ಟಿದವು. ಆ ಮೂಲಕ ಆಫ್ರಿಕಾದ ರೋಗವನ್ನು ಕುರಿತು ಆಫ್ರಿಕಾದ ಅಧ್ಯಾಪಕನ ಪಾಠವನ್ನು ಅಮೆರಿಕದ ವಿದ್ಯಾರ್ಥಿ ಓದುವಂತಾಯಿತು.

ಫಲವೂ ಕೊರತೆಯೂ

ಇಷ್ಟೆಲ್ಲದರಿಂದ ಆದ ಫಲವೇನು? ದೇಶವ್ಯಾಪಿಯಾದ ಸಮೀಕ್ಷೆಗಳ ಪ್ರಕಾರ, ಐದು ವರ್ಷ ತುಂಬುವ ಮುನ್ನ ಸಾಯುವ ಮಕ್ಕಳ ಸಂಖ್ಯೆ 2000ದಲ್ಲಿ ಸಾವಿರಕ್ಕೆ 166 ಇದ್ದುದು 2016ರಲ್ಲಿ 67ಕ್ಕೆ ಇಳಿಯಿತು. ಒಂದು ಲಕ್ಷ ಜೀವಂತ ಜನನಗಳಿಗೆ 871 ಇದ್ದ ತಾಯಂದಿರ ಮರಣ 412ಕ್ಕೆ ಇಳಿಯಿತು. ಇದು ಪುಸ್ತಕಗಳ ಮಹಿಮೆಯೊಂದೇ ಎನ್ನುವುದು ಸರಿಯಾಗದು. ರಸ್ತೆ, ಲಸಿಕೆ, ಸೊಳ್ಳೆಪರದೆ, ಬೆಳೆ ಎಲ್ಲಕ್ಕೂ ಅದರಲ್ಲಿ ಪಾಲುಂಟು. ಆದರೆ ಲಸಿಕೆಯನ್ನು ಹಾಕುವ ಕೈಗೆ, ಉಸಿರನ್ನು ಎಣಿಸುವ ಕಣ್ಣಿಗೆ ಶಿಕ್ಷಣವಿಲ್ಲದಿದ್ದರೆ ಉಳಿದ ಸಾಧನಗಳು ಪೆಟ್ಟಿಗೆಯಲ್ಲಿಯೇ ಉಳಿಯುತ್ತಿದ್ದವು.

ಕೊರತೆಗಳೂ ಸಣ್ಣವಲ್ಲ. ಪುಸ್ತಕಗಳು ಇಂಗ್ಲಿಷಿನಲ್ಲಿವೆ. ಪ್ರೌಢಶಾಲೆಯ ಮಾಧ್ಯಮ ಇಂಗ್ಲಿಷಾದುದರಿಂದ ಕಾರ್ಯಕರ್ತೆಯರು ಓದಬಲ್ಲರು. ಆದರೆ ಊರಿನ ತಾಯಿಯೊಡನೆ ಮಾತು ನಡೆಯುವುದು ಅಮ್ಹಾರಿಕ್, ಓರೊಮೊ, ತಿಗ್ರಿನ್ಯಾ ಭಾಷೆಗಳಲ್ಲಿ. 2020ರಿಂದ 2022ರವರೆಗೆ ಉತ್ತರದ ತಿಗ್ರೈ ಯುದ್ಧದಲ್ಲಿ ಆಸ್ಪತ್ರೆಗಳು, ಆರೋಗ್ಯ ಠಾಣೆಗಳು ಹಾಳಾದವು. 2023ರ ಆಗಸ್ಟಿನಲ್ಲಿ ಗೊಂಡರ್ ಸೇರಿದ ಅಮ್ಹಾರಾ ಪ್ರಾಂತದಲ್ಲಿಯೇ ಸಂಘರ್ಷ ಭುಗಿಲೆದ್ದು, ತಿಂಗಳುಗಟ್ಟಲೆ ಅಲ್ಲಿ ಅಂತರ್ಜಾಲ ನಿಂತುಹೋಯಿತು. ಲೋಕಕ್ಕೆಲ್ಲ ತೆರೆದಿಟ್ಟ ಪಾಠ ಅಂತರ್ಜಾಲದಲ್ಲಿಯೇ ಇದ್ದು, ಊರಿಗೆ ಅಂತರ್ಜಾಲವೇ ಇಲ್ಲದಿದ್ದರೆ ಅಚ್ಚಾದ ಪ್ರತಿಯೊಂದೇ ಆಸರೆ. 2025ರಲ್ಲಿ ಅಮೆರಿಕ ಸರ್ಕಾರದ ನೆರವಿನ ಸಂಸ್ಥೆಯೂ ಮುಚ್ಚಿತು. ಅದರ ಹಣ ಬರುತ್ತಿದ್ದ ಎಷ್ಟೋ ಕೆಲಸಗಳು ನಡುದಾರಿಯಲ್ಲಿ ನಿಂತವು. ದಾನಿಗಳು ಬರುತ್ತಾರೆ, ಹೋಗುತ್ತಾರೆ. ಪುಸ್ತಕದ ಮೇಲಿನ ಅನುಮತಿಯನ್ನು ಮಾತ್ರ ಯಾರೂ ಹಿಂದಕ್ಕೆ ಪಡೆಯಲಾರರು.

ಈ ನಡುವೆ ಬಯಲಿನ ಹಳೆಯ ಶತ್ರು ಮತ್ತೆ ತಲೆಯೆತ್ತಿದೆ. 2024ರ ಜನವರಿಯಿಂದ ಅಕ್ಟೋಬರ್ 20ರವರೆಗೆ ಇಥಿಯೋಪಿಯಾದಲ್ಲಿ 73 ಲಕ್ಷ ಮಲೇರಿಯಾ ಪ್ರಕರಣಗಳು ವರದಿಯಾದವು. ವರದಿಯಾದ ಸಾವು 1,157. 1958ರಲ್ಲಿ 30 ಲಕ್ಷ ಜ್ವರಕ್ಕೆ ಒಂದೂವರೆ ಲಕ್ಷ ಸಾವು! ಅಂದಿಗೂ ಇಂದಿಗೂ ಜನಸಂಖ್ಯೆ ಬೇರೆ, ಔಷಧ ಬೇರೆ. ಲೆಕ್ಕಕ್ಕೆ ಬಾರದ ಸಾವುಗಳೂ ಉಂಟು. ಅದನ್ನೆಲ್ಲ ಕಳೆದರೂ ಉಳಿಯುವ ಅಂತರ ಚಿಕ್ಕದಲ್ಲ. ಬೆರಳಿನ ತುದಿಯ ರಕ್ತದಿಂದ ಹಳ್ಳಿಯಲ್ಲಿಯೇ ರೋಗವನ್ನು ಗುರುತಿಸಿ, ಅಲ್ಲಿಯೇ ಗುಳಿಗೆ ಕೊಡಬಲ್ಲ ಕಾರ್ಯಕರ್ತೆ ಆ ಅಂತರದಲ್ಲಿ ನಿಂತಿದ್ದಾಳೆ.

ಅವಳ ಪುಸ್ತಕಕ್ಕೆ ಈಗ ಹೊಸ ಪುಟವೊಂದು ಬೇಕಾಗಿದೆ. 2016ರಲ್ಲಿ ಇಥಿಯೋಪಿಯಾದ ಪೂರ್ವಭಾಗದಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆ ಮೊದಲ ಬಾರಿಗೆ ಕಂಡುಬಂದಿತು. ಅದು ಆಫ್ರಿಕಾದ್ದಲ್ಲ, ದಕ್ಷಿಣ ಏಷ್ಯಾದ್ದು. ಭಾರತದ ನಗರಗಳಲ್ಲಿ ಮನೆಯ ತೊಟ್ಟಿ, ಮಹಡಿಯ ಟ್ಯಾಂಕುಗಳ ಶುದ್ಧನೀರಿನಲ್ಲಿ ಬೆಳೆಯುವ ಸೊಳ್ಳೆ. 2022ರಲ್ಲಿ ಡಿರೆ ಡಾವಾ ನಗರದಲ್ಲಿ ಅದರಿಂದ ಮಲೇರಿಯಾ ಹಬ್ಬಿತು. ಕೆರೆಕುಂಟೆಗಳ ಸೊಳ್ಳೆಯನ್ನು ಕುರಿತು 2011ರಲ್ಲಿ ಬರೆದ ಪಾಠ ಈ ಹೊಸ ಅತಿಥಿಗೆ ಸಾಲದು. ತೊಟ್ಟಿಗಳಿಗೆ ಮುಚ್ಚಳ ಹಾಕಿಸುವ, ಟ್ಯಾಂಕುಗಳನ್ನು ತಪಾಸಣೆಮಾಡುವ ಕೆಲಸ ನಮ್ಮ ನಗರಗಳ ಆರೋಗ್ಯ ಇಲಾಖೆಗಳಿಗೆ ದಶಕಗಳಿಂದ ಪರಿಚಿತ. ಒಂದು ಕಾಲಕ್ಕೆ ಇಥಿಯೋಪಿಯಾದ ಶಾಲೆಗಳಲ್ಲಿ ಭಾರತದ ಉಪಾಧ್ಯಾಯರು ಹೆಚ್ಚಿನ ಸಂಖ್ಯೆಯಲ್ಲಿ ಪಾಠ ಹೇಳಿದ್ದರು. ಈಗ ಅಲ್ಲಿಗೆ ಹೋಗಬೇಕಾದುದು ತೊಟ್ಟಿಯ ಮುಚ್ಚಳವನ್ನು ಕುರಿತ ನಾಲ್ಕು ಪುಟದ ಪಾಠ. ಹದಿಮೂರು ಪುಸ್ತಕಗಳ ಪರವಾನಗಿಯಲ್ಲಿ ಅದನ್ನು ಸೇರಿಸಲು ಅಡ್ಡಿಯೇನೂ ಇಲ್ಲ. ಬರೆಯುವ ಕೈಗಳು ಬೇಕು, ಅಷ್ಟೆ.